ಬರೆಯಲಾಗದ್ದಕ್ಕೆ ತಾಯಿಯನ್ನು ಕರೆಸಿದೆವು

ಇಂಟರ್ನ್‌ಶಿಪ್‌ಗೆ ಕೊಕ್ಕರ್ಣೆ ಕಡೆಯ ಶಾಲೆಯೊಂದಕ್ಕೆ ಹೋಗಿದ್ದಾಗ, ಎಂಟನೇ ತರಗತಿಯ ಒಬ್ಬ ಹುಡುಗನ ಬಗ್ಗೆ ನನ್ನ ದಾಖಲೆ ಪುಸ್ತಕದಲ್ಲಿ ‘ಅಭ್ಯಾಸದಲ್ಲಿ ಆಸಕ್ತಿ ಇಲ್ಲ, ಪೋಷಕರ ಗಮನ ಸಾಲದು’ ಎಂದು ಬರೆದೆ. ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಘಟಕ ಪರೀಕ್ಷೆಯಲ್ಲಿ ಅವನಿಗೆ 25ಕ್ಕೆ 4 ಅಂಕ.

ಪಾಠ ಬೆಳೆ ಉತ್ಪಾದನೆಯದು. ತರಗತಿಯಲ್ಲಿ ಗೊಬ್ಬರದ ಮಾತು ಬಂದಾಗ, ಸುಡುಮಣ್ಣು ಮಾಡುವುದು ಹೇಗೆ ಎಂದು ಎದ್ದು ನಿಂತು ವಿವರಿಸಿದವನು ಇವನೇ. ಬಿಎಸ್ಸಿ ಓದಿದ ನನಗೆ ಅದು ಗೊತ್ತಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ‘ರಸಗೊಬ್ಬರ’ ‘ರಸಗೊಬರ’ವಾಗಿತ್ತು, ‘ಸೂಕ್ಷ್ಮಜೀವಿ’ ‘ಸುಕಮಜಿವಿ’ಯಾಗಿತ್ತು. ಒತ್ತಕ್ಷರ, ದೀರ್ಘ ಒಂದೂ ನಿಂತಿರಲಿಲ್ಲ.

ತಾಯಿಯನ್ನು ಕರೆಸಿದೆವು. ಒಂದು ದಿನದ ಕೆಲಸ ಬಿಟ್ಟು ಬಂದವರು, “ಹೊಡ್ದದ್ದೂ ಆಯ್ತ್, ಹರ್ಕಿ ಹೇಳ್ಕಂಡದ್ದೂ ಆಯ್ತ್. ಇನ್ನೆಂತ ಮಾಡುದ್ ಟೀಚರೇ?” ಎಂದರು. ದಿನಾ ರಾತ್ರಿ ಎದುರು ಕೂತು ಎರಡು ಪುಟ ಕಾಪಿ ಬರೆಸುತ್ತಾರಂತೆ. ಅದು ಶಾಲೆಯೇ ಹೇಳಿದ್ದು. ಹುಡುಗ ನೋಡಿಕೊಂಡು ಚೆಂದ ಬರೆಯುತ್ತಾನೆ, ಬರೆದದ್ದನ್ನು ಓದು ಎಂದರೆ ಸುಮ್ಮನಾಗುತ್ತಾನೆ. ‘ಪೋಷಕರ ಗಮನ ಸಾಲದು’ ಎಂದು ನಾನು ಬರೆದದ್ದು ಇವರ ಬಗ್ಗೆ.

ಅವನಿಗೆ ಕಲಿಕಾ ನ್ಯೂನತೆ ಇದೆ ಎಂದು ನಾನು ಹೇಳಲಾರೆ, ಅದನ್ನು ತಜ್ಞರು ಪರೀಕ್ಷಿಸಿಯೇ ಹೇಳಬೇಕು. ಆದರೆ ಅನುಮಾನ ಪಡುವ ಕೆಲಸ ನಮ್ಮದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳಲ್ಲಿ ಇದನ್ನೂ ಸೇರಿಸಿದೆ. ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ನಾವೋ ಡಿಸ್ಲೆಕ್ಸಿಯಾದ ವ್ಯಾಖ್ಯೆಯನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು. ಎದುರಿನ ಬೆಂಚಿನಲ್ಲಿ ಕೂತಾಗ ಗುರುತಾಗಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಮಕ್ಕಳಿಗೆ ಲಿಪಿಕಾರರ ನೆರವು, ಹೆಚ್ಚುವರಿ ಸಮಯ ಸಿಗುತ್ತದೆ. ಅದಕ್ಕೆ ಪ್ರಮಾಣಪತ್ರ ಬೇಕು. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಬ್ಲಾಕ್ ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರಿಗೆ ಸುದ್ದಿ ಮುಟ್ಟಿಸಬೇಕಾದದ್ದು ಶಾಲೆ, ಕೂಲಿ ಬಿಟ್ಟು ಬಂದ ತಾಯಿಯಲ್ಲ.

ಒಬ್ಬನಿಗೆ ಬಾಯಿಮಾತಿನ ಪರೀಕ್ಷೆ ಮಾಡಿದರೆ ಉಳಿದವರಿಗೆ ಅನ್ಯಾಯವಲ್ಲವೇ ಎಂದು ಸಹಪಾಠಿಗಳು ಕೇಳಿದರು. ನಾನು ಅಳೆಯಬೇಕಿದ್ದುದು ವಿಜ್ಞಾನವನ್ನು, ಕಾಗುಣಿತವನ್ನಲ್ಲ. ಅದೇ ಪ್ರಶ್ನೆಪತ್ರಿಕೆಯನ್ನು ಅವನಿಗೆ ಓದಿ ಹೇಳಿ ಉತ್ತರ ಕೇಳಿದೆ. 17 ಬಂತು. ಅಂಕವಹಿಯಲ್ಲಿ ಈಗಲೂ 4 ಇದೆ.

ಕಾಪಿ ನಿಲ್ಲಿಸಿ, ರಾತ್ರಿ ಪಾಠವನ್ನು ನೀವೇ ಅವನಿಗೆ ಓದಿ ಹೇಳಿ ಎಂದೆ. “ಅಂವ ಕೇಂಡ್ರೆ ಸಾಕಾ?” ಎಂದು ಅವರು ಎರಡು ಸಲ ಕೇಳಿದರು.