ಭೂಮಿತಾಯಿಯೇ ಭಾರವಾದರೆ...!

ವಿಲನ್ ಅಂದರೆ ಯಾರು? ಚಾಕು ಹಿಡಿದವನೇ? ಅವನೆಲ್ಲ ಚಿಲ್ಲರೆ ಸ್ವಾಮಿ! ಉಸಿರಾಡೋ ಗಾಳಿಗೇ ಬೀಗ ಹಾಕಿದವನನ್ನು ನೋಡಬೇಕಾದರೆ 1990ರ ‘ಟೋಟಲ್ ರೀಕಾಲ್’ ನೋಡಿ.

ಅರ್ನಾಲ್ಡ್‌ನ ತೋಳು ನೋಡಲು ಕೂತ ನನ್ನ ಮನಸ್ಸಿನಲ್ಲಿ ಉಳಿದವರು ಮಂಗಳ ಗ್ರಹದ ಬಡಪಾಯಿಗಳು. ಅಗ್ಗದ ಗುಮ್ಮಟದಡಿ ಬದುಕಿ ಮೈಮುಖ ವಿಕಾರವಾದ ಜನ. ಅವರು ದಂಗೆ ಎದ್ದಾಗ ಆಡಳಿತಗಾರ ಕೋಹೇಗನ್ ಏನು ಮಾಡ್ತಾನೆ? ಆ ಕೇರಿಯ ಗಾಳಿಯನ್ನೇ ನಿಲ್ಲಿಸ್ತಾನೆ! ಗ್ರಹಕ್ಕೆಲ್ಲ ಗಾಳಿ ಕೊಡಬಲ್ಲ ಯಂತ್ರವಿದ್ದರೂ ಬಚ್ಚಿಡ್ತಾನೆ. ಗಾಳಿ ಪುಕ್ಕಟೆ ಸಿಕ್ಕರೆ ಅವನಿಗೆ ಹೆದರೋರ‍್ಯಾರು? ಕೊನೆಗೆ ಅವನು ಸತ್ತ, ಆಕಾಶ ನೀಲಿಯಾಯ್ತು, ಶುಭಂ!

ಆದರೆ 2015ರಿಂದ 2022ರವರೆಗೆ ಬಂದ ‘ದಿ ಎಕ್ಸ್‌ಪ್ಯಾನ್ಸ್’ ಧಾರಾವಾಹಿಯಲ್ಲಿ ಶುಭಂ ಇಷ್ಟು ಸಲೀಸಲ್ಲ. ಮಂಗಳ-ಗುರು ಗ್ರಹಗಳ ನಡುವಿನ ಕ್ಷುದ್ರಗ್ರಹಗಳಲ್ಲಿ ತಲೆಮಾರುಗಳಿಂದ ದುಡಿಯುವ ಜನ. ಗಾಳಿ, ನೀರಿಗೂ ಪರದಾಟ. ಅವರದೇ ಭಾಷೆ ಬೇರೆ. ಅದನ್ನು ಕಟ್ಟಿಕೊಟ್ಟವನು ನಿಕ್ ಫಾರ್ಮರ್ ಎಂಬ ಭಾಷಾತಜ್ಞ. ತೂಕವಿಲ್ಲದ ಕಡೆ ಬೆಳೆದ ಅವರ ಮೂಳೆಗಳು ಉದ್ದ, ಆದರೆ ದುರ್ಬಲ.

ಮೊದಲ ಕಂತಿನಲ್ಲೇ ಅಂಥ ಒಬ್ಬನನ್ನು ಭೂಮಿಗೆ ತಂದು ಕೊಕ್ಕೆಗೆ ತೂಗುಹಾಕಿದ್ದಾರೆ. ವಿಚಾರಣೆಗೆ ಬರುವವಳು ಸೀರೆಯುಟ್ಟ ಅಧಿಕಾರಿ ಅವಸರಾಲ. ಮೊಮ್ಮಗನನ್ನು ಮುದ್ದಾಡುವ ಅಜ್ಜಿ! ಹೊಡೆತವಿಲ್ಲ, ಬಡಿತವಿಲ್ಲ. ಭೂಮಿಯ ಸೆಳೆತವೇ ಅವನನ್ನು ಹಿಂಡುತ್ತದೆ. ನೀವು ಈ ಪತ್ರಿಕೆ ಹಿಡಿದು ಬಸ್ಸಿಗೆ ಕಾಯ್ತಾ ನಿಂತಿದ್ದೀರಲ್ಲ, ಹಾಗೆ ನಿಲ್ಲೋದೇ ಅವನಿಗೆ ಚಿತ್ರಹಿಂಸೆ!

ಬರೀ ಕಟ್ಟುಕಥೆ ಅನ್ನಬೇಡಿ. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೂ ತಿಳಿಯುವ ವಿಜ್ಞಾನ ಇದು. ಮಂಗಳದ ಸೆಳೆತ ಭೂಮಿಯ ಶೇಕಡ 38ರಷ್ಟು ಮಾತ್ರ. ಬಾಹ್ಯಾಕಾಶದಲ್ಲಿ ಉಳಿದ ಗಗನಯಾತ್ರಿಗಳ ಸೊಂಟ, ತೊಡೆಯ ಮೂಳೆ ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಸವೆಯುತ್ತದೆ. ಅಲ್ಲೇ ಹುಟ್ಟಿ ಬೆಳೆದವನ ಪಾಡೇನು?

2019ರ ನಾಲ್ಕನೇ ಸೀಸನ್ನಿನಲ್ಲಿ ನವೋಮಿ (ನಟಿ ಡೊಮಿನಿಕ್ ಟಿಪ್ಪರ್) ಔಷಧಿ ತಗೊಂಡು, ಹೊಸ ಗ್ರಹದ ನೆಲಕ್ಕೆ ಕಾಲಿಡ್ತಾಳೆ. ಮೈ ಒಪ್ಪೋದಿಲ್ಲ. ಮತ್ತೆ ಹಡಗಿಗೇ ವಾಪಸ್! ಇಲ್ಲಿ ಹೊಡೆದುರುಳಿಸಲು ವಿಲನ್ನೇ ಇಲ್ಲ.

ನನಗೆ ಕಂಡದ್ದಿಷ್ಟು. ಗಾಳಿ, ನೀರು, ಕೂಲಿಯ ಜಗಳವನ್ನು ಹೋರಾಡಿ ಗೆಲ್ಲಬಹುದು. ಆದರೆ ದುಡಿಯಲು ಕಳಿಸಿದವರ ಮಕ್ಕಳಿಗೆ ತಾಯ್ನೆಲದಲ್ಲಿ ನಿಲ್ಲಲೂ ಆಗದಿದ್ದರೆ, “ನೀವೂ ನಮ್ಮವರೇ” ಅನ್ನೋ ಭೂಮಿಯ ಮಾತನ್ನು ಅವರು ಯಾಕೆ ನಂಬಬೇಕು? ನೀವೇ ಹೇಳಿ!