ಬೆಳ್ಳಿಯ ಬಿಂಬ, ಬೆಳ್ಳಿಯ ನಾಣ್ಯ

ಮೂಕಚಿತ್ರಗಳಲ್ಲಿ ಮನುಷ್ಯರಿಗೆ ಮಾತಿಲ್ಲ. ಆದುದರಿಂದ ವಸ್ತುಗಳೇ ಮಾತನಾಡಬೇಕಾಗುತ್ತದೆ. ಅವುಗಳಲ್ಲಿ ನಾಣ್ಯದ ಪಾತ್ರ ಹಿರಿದು. ಚಾರ್ಲಿ ಚಾಪ್ಲಿನ್ನರ 1917ರ ‘ದಿ ಇಮಿಗ್ರಂಟ್’ ಚಿತ್ರದಲ್ಲಿ ಹಸಿದ ಬಡವನಿಗೆ ಬೀದಿಯಲ್ಲಿ ನಾಣ್ಯವೊಂದು ಸಿಕ್ಕಿ, ತೂತು ಜೇಬಿನಿಂದ ಜಾರಿಹೋಗುತ್ತದೆ. 1931ರ ‘ಸಿಟಿ ಲೈಟ್ಸ್’ ಚಿತ್ರದ ಕೊನೆಯಲ್ಲಿ, ದೃಷ್ಟಿ ಪಡೆದ ಹೂವಾಡಗಿತ್ತಿಯು ಭಿಕಾರಿಯ ಅಂಗೈಯಲ್ಲಿ ನಾಣ್ಯವಿಡುವಾಗ, ಆ ಕೈಯ ಸ್ಪರ್ಶದಿಂದಲೇ ತನ್ನ ಉಪಕಾರಿ ಯಾರೆಂಬುದನ್ನು ಅರಿಯುತ್ತಾಳೆ.

ನಮ್ಮ ನಾಡಿನ ನಂಟುಳ್ಳ ಮೂಕಚಿತ್ರ ‘ವಸಂತಸೇನಾ’ದ ಮೂಲಕಥೆಯಲ್ಲಿಯೂ ನಾಣ್ಯದ ಪ್ರಸಂಗವಿದೆ. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿಯವರು ನಿರ್ದೇಶಿಸಿದ ಈ ಚಿತ್ರದಲ್ಲಿ ಟಿ.ಪಿ. ಕೈಲಾಸಂ ಹಾಗೂ ಕಮಲಾದೇವಿ ಚಟ್ಟೋಪಾಧ್ಯಾಯರು ಅಭಿನಯಿಸಿದ್ದರು. ಮೂಲ ನಾಟಕದಲ್ಲಿ ಸಂವಾಹಕನು ಜೂಜಿನಲ್ಲಿ ಹತ್ತು ಸುವರ್ಣ ನಾಣ್ಯಗಳನ್ನು ಸೋತು ವಸಂತಸೇನೆಯ ಮರೆಹೊಗುತ್ತಾನೆ. ಆಕೆ ತನ್ನ ಕೈಬಳೆಯನ್ನಿತ್ತು ಅವನ ಋಣ ತೀರಿಸುತ್ತಾಳೆ. ಕಥೆ ನಡೆಯುವ ಉಜ್ಜಯಿನಿಯ ಪ್ರಾಚೀನ ನಾಣ್ಯಗಳಲ್ಲಿ, ಅಡ್ಡ ಉದ್ದ ಗೆರೆಗಳ ನಾಲ್ಕು ತುದಿಗಳಲ್ಲಿ ನಾಲ್ಕು ವೃತ್ತಗಳಿರುವ ಗುರುತು ಪ್ರಸಿದ್ಧವಾದುದು. ಇಂತಹ ಪುರಾತನ ಕಥೆಯ ಚಿತ್ರದಲ್ಲಿ ದೊರೆಯ ಮುಖದ ರೂಪಾಯಿ ಕಂಡರೆ, ಅದು ಕಥೆಯ ಕಾಲವನ್ನಲ್ಲ, ಚಿತ್ರ ತೆಗೆದವರ ಕಾಲವನ್ನು ಹೇಳುತ್ತದೆಂದು ತಿಳಿಯಬೇಕು.

ತೆರೆಯ ಮೇಲೆ ನಾಣ್ಯದ ಅಕ್ಷರ ಕಾಣದಿದ್ದರೂ ಮುಖದ ದಿಕ್ಕು ಕಾಣಬಹುದು. 1903ರಿಂದ 1910ರವರೆಗಿನ ಏಳನೆಯ ಎಡ್ವರ್ಡ್ ದೊರೆಯ ರೂಪಾಯಿಯಲ್ಲಿ ಕಿರೀಟವಿಲ್ಲದ ತಲೆ ಬಲಕ್ಕೆ ನೋಡುತ್ತದೆ. 1911ರಿಂದ ಬಂದ ಐದನೆಯ ಜಾರ್ಜ್ ದೊರೆಯ ಕಿರೀಟಧಾರಿ ಮುಖ ಎಡಕ್ಕಿದೆ. ಈ ರೂಪಾಯಿಯ ತೂಕ ಒಂದು ತೊಲ, ಎಂದರೆ 11.66 ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. 1947ರಲ್ಲಿ ನಿಕ್ಕಲ್ ರೂಪಾಯಿ ಬಂದಿತು.

ಹಳೆಯ ಫಿಲ್ಮಿನ ಕಪ್ಪುಬಿಳುಪಿನ ಬಿಂಬವೂ ಬೆಳ್ಳಿಯ ಸೂಕ್ಷ್ಮ ಕಣಗಳಿಂದಲೇ ಆದುದು. ಅದೇ ಅದಕ್ಕೆ ಮುಳುವಾಯಿತು. ಭಾರತದಲ್ಲಿ ತಯಾರಾದ ಸಾವಿರದ ಮುನ್ನೂರಕ್ಕೂ ಹೆಚ್ಚು ಮೂಕಚಿತ್ರಗಳಲ್ಲಿ ಉಳಿದಿರುವುವು ಕೆಲವೇ ಕೆಲವು. ಬೆಂಕಿಗೂ ಉಪೇಕ್ಷೆಗೂ ಹಲವು ಬಲಿಯಾದರೆ, ಬೆಳ್ಳಿ ತೆಗೆಯುವ ಆಸೆಗೆ ನಾಶವಾದುವೂ ಉಂಟು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಅಲ್ಲಿ ಪಿ.ಕೆ. ನಾಯರ್ ಅವರು ಹುಡುಕಿ ತಂದುದರಿಂದ ಫಾಲ್ಕೆಯವರ 1913ರ ‘ರಾಜಾ ಹರಿಶ್ಚಂದ್ರ’ದ ಕೆಲವು ಭಾಗಗಳಾದರೂ ಉಳಿದುವು.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳಲ್ಲಿ ದೀಪಾವಳಿಯ ಪೂಜೆಗೆ ಹರಿವಾಣದಲ್ಲಿಡುವ ಹಳೆಯ ರೂಪಾಯಿಗಳಿಗೂ ಇದೇ ಭಯವಿದೆ. ಮಗಳ ಕಾಲುಂಗುರಕ್ಕೆಂದೋ, ಹೊಸ ಕರಡಿಗೆಗೆಂದೋ ಅವು ಅಕ್ಕಸಾಲಿಗರ ಮೂಸೆಗೆ ಇಳಿಯುತ್ತವೆ. ಕರಡಿಗೆ ಪವಿತ್ರವೇ, ಆದರೆ ಅದಕ್ಕೆ ಬೆಳ್ಳಿ ಅಂಗಡಿಯಲ್ಲಿ ದೊರೆಯುತ್ತದೆ, ಅಜ್ಜಿಯ ಸೆರಗಿನ ಗಂಟಿನಲ್ಲಿದ್ದ ರೂಪಾಯಿ ಮತ್ತೆ ದೊರೆಯದು. ಹುಣಸೆಹಣ್ಣಿನಿಂದ ಉಜ್ಜಿದರೆ ಅಚ್ಚು ಸವೆಯುತ್ತದೆ. ಕೊಂಡಿ ಬೆಸೆದರೆ ನಾಣ್ಯ ಕೆಡುತ್ತದೆ. ಒಣಬಟ್ಟೆಯಲ್ಲಿ ಸುತ್ತಿಟ್ಟು, ಅದು ಯಾರಿಂದ, ಯಾವ ಕಾಲದಲ್ಲಿ ಮನೆಗೆ ಬಂದಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಹಿರಿಯರು ಇರುವಾಗಲೇ ಇದನ್ನು ಕೇಳಿಕೊಳ್ಳಿರಿ ಎಂಬುದು ಓದುಗ ಬಾಂಧವರಲ್ಲಿ ನಮ್ಮ ವಿನಂತಿ.