ಬುದ್ಧ ಹೇಳಿದ ಎರಡನೇ ಬಾಣ



ಕೊರೊನಾ ಕಾಲದ ಒಂದು ಮಾತು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅದು 2020ರ ಲಾಕ್‌ಡೌನ್. ಶಾಲೆಗೆ ಬೀಗ ಬಿದ್ದಿತ್ತು. ಗೆಟ್ಟವಾಡಿಯವರಾದ ನಮಗೆ ಚಾಮರಾಜನಗರದ ಕಡೆ ಹೋಗೋಣವೆಂದರೆ ರಾಜ್ಯದ ಗಡಿಯಲ್ಲಿ ತಡೆ, ಸತ್ಯಮಂಗಲಕ್ಕೆ ಹೋಗೋಣವೆಂದರೆ ದಿಂಬಂ ಘಾಟಿಯ 27 ತಿರುವು. ಹೊರಗೆ ಕೂಲಿಗೆ ಹೋಗಿದ್ದ ತಾಯಿಯೊಬ್ಬರು ಊರಿಗೆ ಮರಳಿದರು. ಮರುದಿನ ಅವರ ಮಗ, ನಮ್ಮ ವಿದ್ಯಾರ್ಥಿ, ಫೋನ್ ಮಾಡಿ "ಸಾ, ನಲ್ಲಿ ಹತ್ರ ನಮ್ಮವ್ವನ್ನ ಸೇರಿಸ್ತಿಲ್ಲ" ಎಂದ. ನಾವು "ಧೈರ್ಯವಾಗಿರಪ್ಪ, ಎಲ್ಲಾ ಸರಿಹೋಗುತ್ತೆ" ಎಂದು ಫೋನ್ ಇಟ್ಟೆವು. ಅದನ್ನೇ ಶಾಂತಿ ಎಂದುಕೊಂಡೆವು!

ಬಂದವರು 14 ದಿನ ಮನೆಯಲ್ಲೇ ಇರಬೇಕೆಂಬ ನಿಯಮ ಸರಿಯೇ. ಆದರೆ ಆ ಮನೆಗೆ ನೀರು ತರುವವರು ಯಾರು?

ಸಂಯುತ್ತ ನಿಕಾಯದಲ್ಲಿ ಬುದ್ಧ ಎರಡು ಬಾಣಗಳ ಹೋಲಿಕೆ ಕೊಡುತ್ತಾನೆ. ಮೈಗೆ ಬರುವ ನೋವು ಮೊದಲ ಬಾಣ. ಆ ನೋವಿಗೆ ಗೋಳಾಡುತ್ತಾ ಮನಸ್ಸು ಪಡುವ ಸಂಕಟ ಎರಡನೆಯದು. ಮೊದಲನೆಯದು ಯಾರನ್ನೂ ಬಿಡದು, ಎರಡನೆಯದನ್ನು ತಪ್ಪಿಸಿಕೊಳ್ಳಬಹುದು. ಕೊರೊನಾದಲ್ಲಿ ರೋಗ ಮೊದಲ ಬಾಣವಾದರೆ, ವಾಟ್ಸಾಪ್ ಗಾಳಿಸುದ್ದಿ ತಂದ ಭಯ ಎರಡನೆಯದು. ಅದನ್ನು ನಾವು ಚುಚ್ಚಿಕೊಂಡದ್ದಲ್ಲದೆ ಪಕ್ಕದ ಮನೆಯವರಿಗೂ ಹೊಡೆದೆವು.

ಹಾಗಾದರೆ ಕಣ್ಣು ಮುಚ್ಚಿ ಉಸಿರು ಗಮನಿಸಿದರೆ ಸಾಕೇ? ಅದನ್ನು ಬುದ್ಧನೇ ಕಲಿಸಿದ್ದು, ಒಳ್ಳೆಯದೇ. ಆದರೆ ವಿನಯ ಪಿಟಕದ ಒಂದು ಪ್ರಸಂಗ ನೋಡಿ. ಭೇದಿ ಹತ್ತಿದ ಭಿಕ್ಷುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಇವನಿಂದ ನಮಗೇನು ಉಪಕಾರವೆಂದು ಉಳಿದವರು ಹತ್ತಿರ ಹೋಗಿರಲಿಲ್ಲ. ಬುದ್ಧ ನೀರು ಹೊಯ್ದ, ಆನಂದ ಮೈ ತೊಳೆದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ತನಗೆ ಸೇವೆ ಮಾಡಬೇಕೆನ್ನುವವರು ರೋಗಿಗೆ ಮಾಡಲಿ ಎಂಬುದೇ ಅಲ್ಲಿ ಬುದ್ಧನ ಉಪದೇಶ. ಮನಸ್ಸು ಶಾಂತವಾಗಿದೆಯೋ ಇಲ್ಲವೋ ಎಂಬುದು ಕೈ ಏನು ಮಾಡುತ್ತಿದೆ ಎಂಬುದರಲ್ಲೇ ಗೊತ್ತಾಗುತ್ತದೆ.

ಆ ಹುಡುಗನ ಮನೆಗೆ ನೀರು ಮುಟ್ಟಿಸಿದ್ದು ಮೇಷ್ಟ್ರಾದ ನಾವಲ್ಲ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಮೂಗಿಗೆ ಸೆರಗು ಸುತ್ತಿಕೊಂಡು, ದಿನಾ ಬಾಗಿಲ ಬಳಿ ಕೊಡ ಇಟ್ಟು ಬರುತ್ತಿದ್ದರು. ದೂರವೂ ಉಳಿಯಿತು, ನೀರೂ ಸಿಕ್ಕಿತು.

ಕೊರೊನಾ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಮುಂದೆ ಇನ್ನೊಂದು ರೋಗ ಬರಬಹುದು. ಶಿಕ್ಷಕ ಬಂಧುಗಳೇ, ಪೋಷಕರೇ, ಯಾರಾದರೂ ಮನೆಯೊಳಗೇ ಉಳಿಯಬೇಕಾಗಿ ಬಂದರೆ ನೀರು ಯಾರು, ಅಕ್ಕಿ ಯಾರು, ಮಾತ್ರೆ ಯಾರು ಕೊಡಬೇಕೆಂದು ಬೀದಿಗೊಂದು ಪಟ್ಟಿ ಈಗಲೇ ಬರೆದಿಡೋಣ. ಅದರಲ್ಲಿ ಮೊದಲ ಹೆಸರು ಮೇಷ್ಟ್ರದ್ದೇ ಇರಲಿ.

ಏನಂತೀರಿ?